ಒಲೆ ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ನೇಗಿಲಿನ ಗುಳ ಸವೆದರೆ ಅಂದೇ ಗೊತ್ತಾಗುತ್ತದೆ. ಎತ್ತು ಹೇಳುತ್ತದೆ, ನೆಲ ಹೇಳುತ್ತದೆ. ಕೂಡಲೆ ಕುಲುಮೆಗೆ ಓಡುತ್ತೇವೆ. ಆದರೆ ದಿನಕ್ಕೆ ಎರಡು ಹೊತ್ತು ಉರಿಯುವ ಮನೆಯ ಒಲೆ ಕೆಟ್ಟು ವರ್ಷವಾದರೂ ಕೇಳುವವರಿಲ್ಲ. ಕೇಳಬೇಕಾದವರು ಹೊಗೆಯಲ್ಲಿ ಕೂತಿಲ್ಲವಲ್ಲ! ಕೂತಿರುವಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಊದುಗೊಳವೆ ಎತ್ತಿಕೊಳ್ಳುತ್ತಾಳೆ.

ಗ್ಯಾಸು ಬಂದಿದೆಯಲ್ಲ, ಇನ್ನು ಸೌದೆ ಒಲೆಯ ಮಾತೇಕೆ ಅನ್ನಬಹುದು. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು, ನಿಜ. ಆದರೂ ಕಾಫಿ ಗ್ಯಾಸಿನ ಮೇಲೆ, ಮುದ್ದೆ ಸೌದೆಯ ಮೇಲೆ, ಸ್ನಾನದ ನೀರು ಹಂಡೆಯಲ್ಲಿ ಎನ್ನುವ ಮನೆಗಳು ಎಷ್ಟೋ ಇವೆ. ಅಂಥ ಮನೆಗಳಲ್ಲಿರುವ, ಹೊಗೆಕೊಳವೆ ಇಟ್ಟು ಕಟ್ಟಿದ ಮಣ್ಣಿನ ಒಲೆಯ ವಿಚಾರ ಈವತ್ತು ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ಕೆಲಸಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಮೂರು ಪಾತ್ರೆ ಕೂರುವ ಅಸ್ತ್ರ ಒಲೆ ಅಲ್ಲಿಯದೇ. ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ಯೋಜನೆಯನ್ನು ನಡೆಸಿ 2002ರಲ್ಲಿ ನಿಲ್ಲಿಸಿತು. ಒಲೆ ಕಟ್ಟಿಕೊಟ್ಟವರು ಬಂದರು, ಹೋದರು. ರಿಪೇರಿಗೆ ಬರುವವರು ಕಡಮೆ. ಆದ್ದರಿಂದ ಒಲೆಯ ನಾಡಿ ಹಿಡಿಯುವುದನ್ನು ಮನೆಯವರೇ ಕಲಿಯಬೇಕು.

ಈ ಒಲೆ ಕೆಲಸ ಮಾಡುವ ಬಗೆ ಸರಳ. ಬಿಸಿ ಗಾಳಿ ಹಗುರ, ಅದು ಕೊಳವೆಯಲ್ಲಿ ಮೇಲಕ್ಕೇರುತ್ತದೆ. ಏರುವಾಗ ಕೆಳಗಿನ ಜಾಲರಿಯ ಸಂದಿಯಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಎಳೆತವೇ ಒಲೆಯ ಉಸಿರು. ಉಸಿರು ಸರಿಯಿದ್ದರೆ ಊದುಗೊಳವೆಗೆ ಕೆಲಸವೇ ಇಲ್ಲ. ದಿನವೂ ಊದಬೇಕಾಗಿದೆ ಅಂದರೆ ಒಲೆ ಕೆಟ್ಟಿದೆ ಅಂತಲೇ ತಿಳಿಯಿರಿ.

"ಒಲೆ ಹೊಗೆಯಾಡ್ತಿದೆ ಅತ್ತೆ" ಅಂತ ಸೊಸೆ ಅಂದರೆ, "ಸೌದೆ ಹಸಿ ಕಣೇ" ಅಂತ ಅತ್ತೆ ಅನ್ನುತ್ತಾರೆ. ಅತ್ತೆಯ ಮಾತನ್ನೇ ಮೊದಲು ಪರೀಕ್ಷೆ ಮಾಡೋಣ. ಚೆನ್ನಾಗಿ ಒಣಗಿದ ತೊಗರಿಕಡ್ಡಿಯನ್ನೋ ತೆಂಗಿನ ಕರಟವನ್ನೋ ಹಾಕಿ ಉರಿಸಿ. ಹೊಗೆ ನಿಂತರೆ ತಪ್ಪು ಸೌದೆಯದು. ನಿಲ್ಲದಿದ್ದರೆ ಒಲೆಯದು. ಆಗ ಜಾಲರಿಯ ಕೆಳಗೆ ಕೈಯಾಡಿಸಿ ನೋಡಿ, ಒಲೆ ಪೂರ್ತಿ ಆರಿದ ಮೇಲೆ. ಬೂದಿ ತುಂಬಿ ಗಾಳಿಯ ದಾರಿಯೇ ಮುಚ್ಚಿರುವುದುಂಟು. ಬೂದಿ ತೆಗೆದು ತಿಪ್ಪೆಗೆ ಹಾಕಿದರೆ ಅರ್ಧ ರೋಗ ಅಲ್ಲಿಗೇ ವಾಸಿ.

ಅದೂ ಸರಿಯಿದ್ದರೆ ಕೊಳವೆ ನೋಡಬೇಕು. ಮಸಿ ಕಟ್ಟಿಕೊಂಡು ಕೊಳವೆಯ ಬಾಯಿ ಕಿರಿದಾಗುತ್ತಾ ಬರುತ್ತದೆ. ಕೆಲವು ಕಡೆ ಹಕ್ಕಿ ಗೂಡು ಕಟ್ಟಿರುತ್ತದೆ. ಹಗ್ಗದ ತುದಿಗೆ ಗೋಣಿಚೀಲದ ಉಂಡೆ ಕಟ್ಟಿ ಮೇಲಿನಿಂದ ಇಳಿಬಿಟ್ಟು ಎಳೆದಾಡಿದರೆ ಮಸಿ ಉದುರುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ: ಹಳೆಯ ಒಲೆಗಳಿಗೆ ಹಲವೆಡೆ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಹಾಕಿದ್ದಾರೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಅದನ್ನು ಗರಗಸದಿಂದ ಕೊಯ್ಯಬಾರದು, ಒಡೆಯಬಾರದು, ಒಳಗೆ ಕೆರೆಯಲೂಬಾರದು. ಬಿರುಕು ಬಿಟ್ಟಿದ್ದರೆ ನೀರಿನಿಂದ ನೆನೆಸಿ, ಇಡಿಯಾಗಿ ಇಳಿಸಿ, ಬೇರೆ ಜಾತಿಯ ಕೊಳವೆ ಹಾಕಿಸಿ. ಇದರಲ್ಲಿ ರಿಪೇರಿ ಎಂಬ ಮಾತೇ ಬೇಡ.

ಮಸಿ ತೆಗೆಯುವುದು ಬರೀ ಹೊಗೆಗಾಗಿ ಅಲ್ಲ. ದಪ್ಪಗೆ ಕಟ್ಟಿದ ಮಸಿಗೆ ಕಿಡಿ ತಾಗಿದರೆ ಅದೇ ಹತ್ತಿಕೊಂಡು ಉರಿಯುತ್ತದೆ. ಕೊಳವೆಯೊಳಗೆ ಬಿರುಗಾಳಿಯಂಥ ಸದ್ದು ಕೇಳುತ್ತದೆ. ಹುಲ್ಲಿನ ಮಾಡು, ಪಕ್ಕದಲ್ಲೇ ಬಣವೆ ಇದ್ದರೆ ಕೇಳಬೇಕೆ! ಆ ಸದ್ದು ಕೇಳಿದೊಡನೆ ಎಲ್ಲರನ್ನೂ ಹೊರಗೆ ಕಳಿಸಿ. ಕೊಳ್ಳಿಗಳನ್ನು ಹೊರಗೆಳೆದು ಆರಿಸಿ, ಒಲೆಯ ಬಾಯಿಯನ್ನು ತಗಡಿನಿಂದ ಮುಚ್ಚಿ, ಹೊರಗಿನಿಂದ ಮಾಡಿಗೆ ನೀರು ಹೊಡೆಯಿರಿ. ಕಾದ ಕೊಳವೆಯೊಳಕ್ಕೆ ನೀರು ಸುರಿಯಬೇಡಿ, ಸಿಡಿದೀತು.

ಕೊಳವೆಯೂ ಸರಿಯಿದೆ ಅನ್ನಿ. ಇನ್ನು ಬಿರುಕು ಹುಡುಕಬೇಕು. ಇದಕ್ಕೆ ಒಂದು ಊದುಬತ್ತಿ ಸಾಕು. ಒಲೆ ಚೆನ್ನಾಗಿ ಉರಿಯುತ್ತಿರುವಾಗ ಹೊಗೆಯಾಡುವ ಬತ್ತಿಯನ್ನು ಒಲೆಯ ಮೈಗುಂಟ, ಪಾತ್ರೆಯ ಸುತ್ತ ನಿಧಾನವಾಗಿ ಹಿಡಿದುಕೊಂಡು ಹೋಗಿ. ಎಲ್ಲಿ ಬತ್ತಿಯ ಹೊಗೆ ಒಳಕ್ಕೆ ಸೆಳೆಯುತ್ತದೋ ಅಲ್ಲಿ ಕಂಡಿ ಇದೆ. ಆ ಕಂಡಿಯಿಂದ ತಣ್ಣನೆಯ ಗಾಳಿ ನುಗ್ಗಿ ಒಲೆಯ ಉಸಿರು ಕುಂದುತ್ತದೆ, ಸೌದೆ ಹೆಚ್ಚು ಬೇಕಾಗುತ್ತದೆ. ಪಾತ್ರೆ ಇಡದೆ ಕೋಡೊಲೆಯ ಬಾಯಿ ತೆರೆದಿಟ್ಟರೂ ಇದೇ ಕಥೆ.

ಬಿರುಕಿಗೆ ಸಿಮೆಂಟು ಮೆತ್ತುವವರುಂಟು. ಕಾದ ಮಣ್ಣಿನ ಮೇಲೆ ಸಿಮೆಂಟು ನಿಲ್ಲುವುದಿಲ್ಲ, ನಾಲ್ಕು ದಿನಕ್ಕೆ ಹೊಪ್ಪಳೆ ಏಳುತ್ತದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು, ಸಗಣಿ ಸೇರಿಸಿ ತುಳಿದು ರಾತ್ರಿಯಿಡೀ ನೆನೆಯಲು ಬಿಡಿ. ಬಿರುಕನ್ನು ಕುಡುಗೋಲಿನ ತುದಿಯಿಂದ ಅಗಲ ಮಾಡಿ, ನೀರು ಚಿಮುಕಿಸಿ, ಮಣ್ಣನ್ನು ಒಳಕ್ಕೆ ಒತ್ತಿ ತುಂಬಿ. ಪೂರ್ತಿ ಒಣಗುವ ತನಕ ಬೆಂಕಿ ತೋರಿಸಬೇಡಿ.

ಇಷ್ಟು ಮಾಡಿದ ಮೇಲೂ ಒಲೆ ಹೊಗೆ ಬಿಟ್ಟರೆ? ಇಲ್ಲೇ ನಮ್ಮ ಜನ ಮೋಸಹೋಗುವುದು. ವಾರಕ್ಕೊಮ್ಮೆ ಕೆಮ್ಮಣ್ಣು ಸಾರಿಸಿ ರಂಗೋಲಿ ಇಟ್ಟ ಒಲೆ ಹೊರಗಿನಿಂದ ಮದುವಣಗಿತ್ತಿಯ ಹಾಗೆ ಕಾಣುತ್ತದೆ. ಒಳಗೆ ನೋಡಿದರೆ ಕೊಳ್ಳಿ ನೂಕಿ ನೂಕಿ ಗೋಡೆ ಸವೆದಿರುತ್ತದೆ, ಜಾಲರಿ ಬಗ್ಗಿರುತ್ತದೆ. ಹೊರಗಡೆ ಸಾರಣೆಯ ಮೇಲೆ ಸಾರಣೆ ಬಿದ್ದು ಬಾಯಿ ಕಿರಿದಾಗಿರುತ್ತದೆ. ಈ ಒಲೆಯ ಗುಣವೆಲ್ಲ ಅಳತೆಯಲ್ಲಿದೆ, ಅಂದದಲ್ಲಿ ಅಲ್ಲ. ಹೊಸ ಒಲೆ ಕಟ್ಟಿದ ದಿನವೇ ಒಂದು ಬಿದಿರುಕಡ್ಡಿಯಲ್ಲಿ ಜಾಲರಿಯಿಂದ ಪಾತ್ರೆಯ ತಳಕ್ಕೆ ಎಷ್ಟು, ಬಾಯಿಯ ಅಗಲ ಎಷ್ಟು ಎಂದು ಗುರುತು ಕೊರೆದು ಜಂತೆಗೆ ಸಿಕ್ಕಿಸಿಡಿ. ವರ್ಷಕ್ಕೊಮ್ಮೆ ಅಳೆದು ನೋಡಿ. ಎರಡು ಬೆರಳಿನಷ್ಟು ವ್ಯತ್ಯಾಸ ಬಂದಿದ್ದರೆ ಮೆತ್ತುವ ಕೆಲಸ ಬಿಟ್ಟು ಒಡೆದು ಕಟ್ಟುವುದೇ ಲೇಸು. ಮೆತ್ತಿದ ಜಾಗವೇ ಮತ್ತೆ ಮತ್ತೆ ಬಿರಿಯುತ್ತಿದ್ದರೂ, ಬುಡ ಕುಸಿದು ಒಲೆ ವಾಲಿದ್ದರೂ ಹಾಗೆಯೇ. ಇನ್ನೊಂದು ಕಾರಣ ಯಾರಿಗೂ ಹೊಳೆಯುವುದಿಲ್ಲ. ಹನ್ನೆರಡು ಜನರ ಮನೆಗೆ ಕಟ್ಟಿದ ಒಲೆಯಲ್ಲಿ, ಅಣ್ಣತಮ್ಮಂದಿರು ಬೇರೆಯಾದ ಮೇಲೆ, ನಾಲ್ಕು ಜನರ ಪಾತ್ರೆ ಕೂರುವುದಿಲ್ಲ. ಸುತ್ತಲೂ ಸಂದಿ, ಆ ಸಂದಿಯಲ್ಲೆಲ್ಲ ಹೊಗೆ. ಒಲೆ ಗಟ್ಟಿಮುಟ್ಟಾಗಿದ್ದರೂ ಆ ಮನೆಗೆ ಅದು ಆಗದು.

ಬಚ್ಚಲ ಹಂಡೆಯ ಒಲೆಗೂ ಇದೇ ಪರೀಕ್ಷೆ. ಆದರೆ ಅಲ್ಲಿ ಅಪಾಯ ಹೆಚ್ಚು. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಕೆಂಡ ಕನಲುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನ ಮಾಡುವಾಗ ತಲೆ ಭಾರವಾಗಿ ಓಕರಿಕೆ ಬಂದರೆ ಪಿತ್ತ ಅಂತ ಸುಮ್ಮನಿರಬೇಡಿ, ಹೊರಕ್ಕೆ ಬನ್ನಿ. ಕೊಳವೆ ನೆಟ್ಟಗಾಗುವ ತನಕ ಆ ಒಲೆ ಹೊತ್ತಿಸಬೇಡಿ.

ಹೊಗೆಯಿಂದ ಏನು ಮಹಾ, ಅಜ್ಜಿಯ ಕಾಲದಿಂದ ಇದೆ ಎನ್ನುವವರಿಗೆ ಒಂದು ಲೆಕ್ಕ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಮ್ಮನ ಮಗ್ಗುಲಲ್ಲಿ ಒಲೆಯ ಮುಂದೆ ಕೂರುವ ಕೂಸಿಗೆ ನ್ಯುಮೋನಿಯ, ಅಮ್ಮನಿಗೆ ದಮ್ಮು ಮತ್ತು ಕಣ್ಣಿನ ಪೊರೆ ಇದರಿಂದ ಬರುತ್ತವೆ.

ಒಡೆದು ಕಟ್ಟುವುದಾದರೆ ಸುಗ್ಗಿ ಮುಗಿದು ಬಿಸಿಲು ಇರುವಾಗ ಕಟ್ಟಿ. ಹಳೆಯ ಮಣ್ಣನ್ನೇ ಪುಡಿಮಾಡಿ ನೆನೆಸಿದರೆ ಬರುತ್ತದೆ. ಹೊಗೆಕೊಳವೆಯ ತುದಿ ಮಾಡಿನ ನೆತ್ತಿಗಿಂತ ಮೇಲಿರಲಿ, ಇಲ್ಲದಿದ್ದರೆ ಗಾಳಿ ಹೊಗೆಯನ್ನು ಒಳಕ್ಕೆ ಒತ್ತುತ್ತದೆ. ಹಸಿ ಒಲೆ ಪೂರ್ತಿ ಒಣಗಲಿ. ಮೊದಲ ದಿನ ದೊಡ್ಡ ಉರಿ ಬೇಡ. ಒಂದು ಹಿಡಿ ಕಡ್ಡಿ ಉರಿಸಿ ಹಾಲು ಉಕ್ಕಿಸಿದರೆ ಸಾಕು.