ಎಲ್ಲ ಮಕ್ಕಳಿಗೂ ಒಳ್ಳೆಯ ಶಾಲೆ

ಮಕ್ಕಳೇ, ನೀವು ಗಣಿತ, ಪರಿಸರ ವಿಜ್ಞಾನ ಪಾಠಗಳನ್ನು ಕನ್ನಡದಲ್ಲಿ ಓದುತ್ತೀರಿ. ನಮ್ಮ ರಾಜ್ಯದಲ್ಲಿ ಹೆಚ್ಚು ಜನರ ಮಾತು ತೆಲುಗು. ಹಾಗಿದ್ದರೂ ನಿಮಗೆ ಕನ್ನಡ ಶಾಲೆ ಏಕೆ ಇದೆ? ಬನ್ನಿ, ತಿಳಿಯೋಣ.

ನಾರ್ವ ನಾರಾಯಣಪೇಟೆ ಜಿಲ್ಲೆಯ ಒಂದು ಮಂಡಲ ಕೇಂದ್ರ. ನಾರ್ವ, ಮಕ್ತಲ್, ಗದ್ವಾಲ ಕರ್ನಾಟಕದ ಗಡಿಯ ಕಡೆಗಿರುವ ಊರುಗಳು. ಹಿಂದೆ ಇವೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಗದ್ವಾಲ ತಾಲೂಕು ಆಗ ರಾಯಚೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ವಿಂಗಡಿಸಿದರು. ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಗದ್ವಾಲ, ಮಕ್ತಲ್ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. ಗಡಿ ಬದಲಾಯಿತು. ಆದರೆ ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು.

ಒಂದು ರಾಜ್ಯದಲ್ಲಿ ಕಡಿಮೆ ಜನರು ಆಡುವ ಭಾಷೆಯವರನ್ನು ಭಾಷಾ ಅಲ್ಪಸಂಖ್ಯಾತರು ಎನ್ನುತ್ತಾರೆ. ಅವರ ಮಕ್ಕಳಿಗಾಗಿ 1956ರಲ್ಲಿ ನಮ್ಮ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿದರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ.

ಶಾಲೆ ಇದ್ದರೆ ಸಾಕೇ? ಬಾವಿ ಇದ್ದರೆ ಸಾಲದು, ಸೇದಲು ಹಗ್ಗ, ಕೊಡ ಬೇಕು. ಹಾಗೆಯೇ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬೇಕು. ಕನ್ನಡದ ಪುಸ್ತಕಗಳು ಸಕಾಲಕ್ಕೆ ಬರಬೇಕು. ಲೆಕ್ಕ ಬಲ್ಲ ಮಗುವಿಗೂ ಪ್ರಶ್ನೆಯ ಭಾಷೆ ತಿಳಿಯದಿದ್ದರೆ ಉತ್ತರ ತಪ್ಪುತ್ತದೆ. ಅದು ಮಗುವಿನ ತಪ್ಪೇ? ಅಲ್ಲ.

ಇಂಥ ಕೊರತೆ ದೊಡ್ಡ ದೇಶಗಳಲ್ಲಿಯೂ ಉಂಟು. ಅಮೆರಿಕದ ಹಲವು ರಾಜ್ಯಗಳಲ್ಲಿ ಹಿಂದೆ ಕಪ್ಪು ಬಣ್ಣದ ಮಕ್ಕಳಿಗೆ ಬೇರೆ ಶಾಲೆ, ಬಿಳಿಯ ಮಕ್ಕಳಿಗೆ ಬೇರೆ ಶಾಲೆ ಇತ್ತು. ಟೊಪೀಕಾ ಎಂಬ ಊರಿನಲ್ಲಿ ಲಿಂಡಾ ಬ್ರೌನ್ ಎಂಬ ಬಾಲಕಿ ಇದ್ದಳು. ಮನೆಯ ಹತ್ತಿರವೇ ಶಾಲೆಯಿದ್ದರೂ ಆಕೆ ದೂರದ ಶಾಲೆಗೆ ಹೋಗಬೇಕಾಗಿತ್ತು. ಆಕೆಯ ತಂದೆ ಮತ್ತು ಇತರ ಪೋಷಕರು ನ್ಯಾಯಾಲಯಕ್ಕೆ ಹೋದರು. 1954ರ ಮೇ 17ರಂದು ಅಲ್ಲಿನ ಸುಪ್ರೀಂ ಕೋರ್ಟು ಮಕ್ಕಳನ್ನು ಹೀಗೆ ಬೇರ್ಪಡಿಸುವುದು ಸಮಾನತೆಯಲ್ಲ ಎಂದು ತೀರ್ಪು ನೀಡಿತು. ಆದರೂ ಅಲ್ಲಿ ಭೇದ ಪೂರ್ತಿ ಅಳಿದಿಲ್ಲ. ಅಲ್ಲಿನ ಶಾಲೆಗಳಿಗೆ ಬಹಳಷ್ಟು ಹಣ ಆಯಾ ಊರಿನ ಮನೆ, ಜಮೀನುಗಳ ತೆರಿಗೆಯಿಂದ ಬರುತ್ತದೆ. ಆದ್ದರಿಂದ ಸಿರಿವಂತರ ಊರಿನ ಶಾಲೆಗೆ ಹೆಚ್ಚು ಹಣ ಸಿಗುವುದುಂಟು.

'ನಮ್ಮದೂ ಬೇರೆ ಶಾಲೆಯಲ್ಲವೇ?' ಎಂದು ನೀವು ಕೇಳಬಹುದು. ಲಿಂಡಾಳನ್ನು ಬೇರೆಯವರು ದೂರವಿಟ್ಟಿದ್ದರು. ನೀವು ನಿಮ್ಮ ಮನೆಯ ಮಾತಿನಲ್ಲಿ ಕಲಿಯಲೆಂದು ಕನ್ನಡ ಶಾಲೆ ಇದೆ. ಜೊತೆಗೆ ತೆಲುಗನ್ನೂ ಕಲಿಯಿರಿ. ಅದು ನಿಮ್ಮ ನೆರೆಯವರ ಮಾತು.

ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ ಮತ್ತು ಕಡ್ಡಾಯ. ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಕುಡಿಯುವ ನೀರು, ಗ್ರಂಥಾಲಯ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಇರಬೇಕು. ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ ಪಾಠ ನಡೆಯಬೇಕು.

ನಿಮ್ಮ ಶಾಲೆಯಲ್ಲಿ ಇವೆಲ್ಲ ಇವೆಯೇ? ಎಣಿಸಿ ನೋಡಿ. ಇಲ್ಲದಿದ್ದರೆ ಗುರುಗಳಿಗೆ, ತಂದೆತಾಯಿಯರಿಗೆ ತಿಳಿಸಿ. ಕೇಳುವುದು ತಪ್ಪಲ್ಲ. ಒಳ್ಳೆಯ ಶಾಲೆ ನಿಮ್ಮ ಹಕ್ಕು.

ಆಲೋಚಿಸಿ, ಹೇಳಿ
1. ಗದ್ವಾಲ ತಾಲೂಕು ಹಿಂದೆ ಯಾವ ಜಿಲ್ಲೆಗೆ ಸೇರಿತ್ತು?
2. ಭಾಷಾ ಅಲ್ಪಸಂಖ್ಯಾತರು ಎಂದರೆ ಯಾರು?
3. ಲಿಂಡಾಳ ಶಾಲೆಗೂ ನಿಮ್ಮ ಶಾಲೆಗೂ ಇರುವ ವ್ಯತ್ಯಾಸವೇನು?