ತೊಟ್ಟಿಯ ನೀರು ಹಸಿರಾದಾಗ

ಹನೂರು ತಾಲ್ಲೂಕಿನ ರಾಮಾಪುರದ ಕಡೆ ಮಳೆಯನ್ನೇ ನಂಬಿದ ಹೊಲಗಳು ಹೆಚ್ಚು. ಕೊಳವೆ ಬಾವಿಯುಳ್ಳವರ ತೋಟದಲ್ಲಿ ಸಿಮೆಂಟಿನ ಒಂದು ತೊಟ್ಟಿಯನ್ನು ಕಾಣಬಹುದು. ವಿದ್ಯುತ್ತು ಬಂದ ಹೊತ್ತಿನಲ್ಲಿ ಪಂಪು ನೀರನ್ನೆತ್ತಿ ಅದರೊಳಕ್ಕೆ ಸುರಿಯುತ್ತದೆ. ಗಿಡಗಳಿಗೆ ಬೇಕಾದಾಗ ಅಲ್ಲಿಂದ ನೀರು ಹರಿಯುತ್ತದೆ. ಬೇಸಗೆಯ ರಜೆ ಬಂತೆಂದರೆ ಮಕ್ಕಳಿಗೆ ಈ ತೊಟ್ಟಿಯೇ ಈಜುಕೊಳ. ಪಟ್ಟಣದ ಮಹಡಿಮನೆಗಳ ಹಿತ್ತಲಿನಲ್ಲಿ ನೀಲಿ ಬಿಲ್ಲೆಗಳನ್ನು ಅಂಟಿಸಿ ಕಟ್ಟಿಸಿದ ಈಜುಕೊಳಕ್ಕೂ ಇದಕ್ಕೂ ಬೆಲೆಯಲ್ಲಿ ವ್ಯತ್ಯಾಸವಿರಬಹುದು. ಆದರೆ ಎರಡಕ್ಕೂ ಶತ್ರು ಒಂದೇ. ಅದು ಪಾಚಿ.

ಸೋಮವಾರ ತಿಳಿಯಾಗಿದ್ದ ನೀರು ಶುಕ್ರವಾರದ ಹೊತ್ತಿಗೆ ಮಬ್ಬಾಗಿ, ಮುಂದಿನ ವಾರ ಎಲೆಹಸಿರು ಬಣ್ಣಕ್ಕೆ ತಿರುಗುತ್ತದೆ. ಗೋಡೆಗಳು ಲೋಳೆಗಟ್ಟುತ್ತವೆ, ಮೆಟ್ಟಿಲಿನ ಮೇಲೆ ಕಾಲಿಟ್ಟರೆ ಜಾರುತ್ತದೆ. ಆಗ ಮನೆಯವರಿಗೆ ಹೊಳೆಯುವ ಉಪಾಯ ಒಂದೇ: ನೀರನ್ನೆಲ್ಲ ಹೊರಕ್ಕೆ ಬಿಟ್ಟು, ಗೋಡೆ ತಿಕ್ಕಿ, ಮತ್ತೆ ತುಂಬಿಸುವುದು. ಇದು ಸರಿಯಾದ ಉಪಾಯವೇ ಎಂಬುದನ್ನು ಮೊದಲು ವಿಚಾರ ಮಾಡೋಣ.

ನೂರು ದಿನದ ನೀರು

ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಐದು ಅಡಿ ಆಳದ ತೊಟ್ಟಿಯೊಂದನ್ನು ಊಹಿಸಿಕೊಳ್ಳಿರಿ. ಅದರ ಗಾತ್ರ 1,000 ಘನ ಅಡಿ. ಅದು ಹಿಡಿಯುವ ನೀರು ಸುಮಾರು 28,300 ಲೀಟರು. ಗ್ರಾಮಾಂತರದ ಮನೆಗಳಿಗೆ ನಲ್ಲಿ ನೀರು ಒದಗಿಸಲು 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರಿನಂತೆ ಲೆಕ್ಕ ಹಾಕಿದೆ. ಐದು ಜನರ ಸಂಸಾರಕ್ಕೆ ದಿನಕ್ಕೆ 275 ಲೀಟರಾಯಿತು. ಅಂದಮೇಲೆ ಒಂದು ತೊಟ್ಟಿಯನ್ನು ಬರಿದು ಮಾಡುವುದೆಂದರೆ ಒಂದು ಸಂಸಾರದ ನೂರು ದಿನಗಳ ನೀರನ್ನು ಚೆಲ್ಲಿದಂತೆ. ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಅಷ್ಟು ನೀರು ಚೆಲ್ಲಿದ ಮೇಲಾದರೂ ಪಾಚಿ ತೊಲಗುವುದೇ ಎಂದರೆ, ಅದೂ ಇಲ್ಲ. ಅದಕ್ಕೊಂದು ಸರಳವಾದ ಗಣಿತವುಂಟು. ಬಿಸಿಲೂ ಆಹಾರವೂ ಚೆನ್ನಾಗಿ ದೊರೆತರೆ ಹಲವು ಬಗೆಯ ಪಾಚಿಗಳು ದಿನಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತನೆಯ ದಿನ 1,024 ಆಗುತ್ತದೆ. ನಾವು ಬೆವರು ಸುರಿಸಿ ತಿಕ್ಕಿ ಸಾವಿರದಲ್ಲಿ ಒಂಬೈನೂರ ತೊಂಬತ್ತೊಂಬತ್ತು ಪಾಲನ್ನು ತೆಗೆದುಹಾಕಿದೆವೆಂದುಕೊಳ್ಳಿ. ಉಳಿದ ಒಂದೇ ಪಾಲು ಹತ್ತು ದಿನಗಳಲ್ಲಿ ಮೊದಲಿನಷ್ಟೇ ಆಗಿಬಿಡುತ್ತದೆ! ಆದುದರಿಂದ ಪಾಚಿಯನ್ನು ಕೊಳೆಯೆಂದು ಭಾವಿಸಿ ತೊಳೆಯಹೊರಟವನು ಸೋಲುತ್ತಾನೆ. ಅದನ್ನು ಬೆಳೆಯೆಂದು ತಿಳಿದವನು ಗೆಲ್ಲುತ್ತಾನೆ.

ಪಾಚಿ ಎಂಬ ಬೆಳೆ

ಹಸಿರು ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಒಂದು ಲೋಕವೇ ಕಾಣುತ್ತದೆ. ಕೆಲವು ಪಾಚಿಗಳು ದುಂಡಗಿನ ಒಂಟಿ ಕಣಗಳು. ಕೆಲವು ಕೂದಲಿನಂತೆ ಉದ್ದನೆಯ ಎಳೆಗಳು. ಕಾಲೇಜಿನ ಸಸ್ಯಶಾಸ್ತ್ರದ ಕೊಠಡಿಯಲ್ಲಿ ವಿದ್ಯಾರ್ಥಿಗಳು ನೋಡುವ ಸ್ಪೈರೊಗೈರಾ ಈ ಜಾತಿಯದು. ಬೇರು, ಕಾಂಡ, ಎಲೆ ಯಾವುದೂ ಇಲ್ಲದಿದ್ದರೂ ಇವುಗಳಲ್ಲಿ ಪತ್ರಹರಿತ್ತು ಇದೆ. ಬಿಸಿಲಿನ ಶಕ್ತಿಯಿಂದ ನೀರನ್ನೂ ಇಂಗಾಲದ ಡೈ ಆಕ್ಸೈಡನ್ನೂ ಕೂಡಿಸಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ರಾಗಿಯ ಪೈರು ಮಾಡುವ ಕೆಲಸವನ್ನೇ ಇವು ತೊಟ್ಟಿಯಲ್ಲಿ ಮಾಡುತ್ತವೆ.

ಪೈರಿಗೆ ಗೊಬ್ಬರ ಬೇಕಾದಂತೆ ಪಾಚಿಗೂ ಬೇಕು. ಮುಖ್ಯವಾಗಿ ಬೇಕಾದವು ಸಾರಜನಕ ಮತ್ತು ರಂಜಕ. ಇವುಗಳಲ್ಲಿ ಯಾವುದು ಹೆಚ್ಚಿನದೆಂಬ ಪ್ರಶ್ನೆಗೆ ಕೆನಡಾ ದೇಶದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ 1973ರಲ್ಲಿ ಸೊಗಸಾದ ಪ್ರಯೋಗವೊಂದರಿಂದ ಉತ್ತರ ಪಡೆದನು. ಒಂದು ಸರೋವರವನ್ನು ಪ್ಲಾಸ್ಟಿಕ್ಕಿನ ಪರದೆಯಿಂದ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕಗಳನ್ನು ಮಾತ್ರವೂ ಇನ್ನೊಂದಕ್ಕೆ ಅವುಗಳ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಚ್ಚಹಸಿರಾಯಿತು. ಪರದೆಯ ಆಚೆಯ ನೀರು ತಿಳಿಯಾಗಿಯೇ ಉಳಿಯಿತು.

ನಮ್ಮ ತೊಟ್ಟಿಗೆ ರಂಜಕ ಎಲ್ಲಿಂದ ಬರುತ್ತದೆ? ಹೊಲದ ಗೊಬ್ಬರ ಕಲಸಿದ ಕೈಯಿಂದ, ಮಳೆಯಲ್ಲಿ ಕೊಚ್ಚಿಬರುವ ಮಣ್ಣಿನಿಂದ, ಉದುರಿ ಕೊಳೆಯುವ ಎಲೆಗಳಿಂದ, ದನಗಳ ಮೈತೊಳೆದ ನೀರಿನಿಂದ, ಬಟ್ಟೆಯ ಸಾಬೂನು ಪುಡಿಯಿಂದ, ಹಕ್ಕಿಗಳ ಹಿಕ್ಕೆಯಿಂದ.

ಎರಡು ಬಗೆಯ ಹಸಿರು

ಎಲ್ಲ ಹಸಿರೂ ಒಂದೇ ಅಲ್ಲ. ಒಂದು ಕೋಲನ್ನು ನೀರಿನಲ್ಲಿ ಅದ್ದಿ ಎತ್ತಿರಿ. ನೂಲಿನಂತಹ ಎಳೆಗಳು ಕೋಲಿಗೆ ಜೋತುಬಿದ್ದರೆ ಅದು ಸಾಮಾನ್ಯವಾಗಿ ನಿರಪಾಯವಾದ ಹಸಿರು ಪಾಚಿ. ಎಳೆಗಳಿಲ್ಲದೆ ಬಣ್ಣದ ಡಬ್ಬಿಯಲ್ಲಿ ಅದ್ದಿದಂತೆ ಕೋಲಿಗೆ ಬಳಿದುಕೊಂಡರೆ ಎಚ್ಚರಿಕೆ ಬೇಕು. ಅದು ನೀಲಿ-ಹಸಿರು ಪಾಚಿ ಇರಬಹುದು. ಹೆಸರು ಪಾಚಿಯೆಂದಿದ್ದರೂ ಇವು ವಾಸ್ತವವಾಗಿ ಬ್ಯಾಕ್ಟೀರಿಯಗಳ ವರ್ಗಕ್ಕೆ ಸೇರಿದವು. ಮೈಕ್ರೋಸಿಸ್ಟಿಸ್ ಮೊದಲಾದ ಕೆಲವು ಜಾತಿಗಳು ಪಿತ್ತಜನಕಾಂಗವನ್ನು ಕೆಡಿಸುವ ವಿಷವನ್ನು ಹುಟ್ಟಿಸುತ್ತವೆ. ನೀರನ್ನು ಕುದಿಸಿದರೂ ಆ ವಿಷ ಹೋಗುವುದಿಲ್ಲ.

ಆಫ್ರಿಕದ ಬೋಟ್ಸ್ವಾನಾ ದೇಶದಲ್ಲಿ 2020ರಲ್ಲಿ ಸುಮಾರು 330 ಆನೆಗಳು ಸತ್ತವು. ಕುಡಿದ ನೀರಿನಲ್ಲಿದ್ದ ಇಂತಹ ವಿಷವೇ ಅದಕ್ಕೆ ಕಾರಣವೆಂದು ಅಲ್ಲಿನ ಸರ್ಕಾರ ಹೇಳಿತು. ರಾಮಾಪುರದ ಸೀಮೆಗೆ ಇದು ದೂರದ ಸುದ್ದಿಯಲ್ಲ. 2013ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಜೀವಿಧಾಮದ ಕಾಡು ಇಲ್ಲಿಗೆ ಹತ್ತಿರ. ಆನೆಗಳೂ ಕುರಿ ದನಗಳೂ ಬಯಲಿನ ನೀರನ್ನೇ ಕುಡಿಯಬೇಕು. ಬಣ್ಣ ಬಳಿದಂತಹ ಕೆನೆ ತೇಲುವ ನೀರಿನಲ್ಲಿ ಈಜಲೂಬಾರದು, ಅದನ್ನು ದನಗಳಿಗೆ ಕುಡಿಸಲೂಬಾರದು.

ಕೊಲ್ಲುವ ಮದ್ದುಗಳು

ಪಾಚಿಗೆ ಮದ್ದೆಂದರೆ ಅನೇಕರು ಮೈಲುತುತ್ತವನ್ನು ಹೆಸರಿಸುತ್ತಾರೆ. ಇದು ಹಳೆಯ ಮದ್ದು. ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲರ್ಮನ್ ಎಂಬ ವಿಜ್ಞಾನಿಗಳು 1904ರಲ್ಲಿಯೇ ಜಲಾಶಯಗಳಲ್ಲಿ ಇದರ ಉಪಯೋಗವನ್ನು ವಿವರಿಸಿದ್ದರು. ಆದರೆ ಇದರಲ್ಲಿ ದೋಷಗಳುಂಟು. ತಾಮ್ರವು ಕೊಳೆತು ನಾಶವಾಗುವ ವಸ್ತುವಲ್ಲ. ಹಾಕಿದಷ್ಟೂ ತಳದಲ್ಲಿ ಸೇರುತ್ತ ಹೋಗುತ್ತದೆ. ಗಡಸು ನೀರಿನಲ್ಲಿ ಬಹುಭಾಗ ಗಸಿಯಾಗಿ ಇಳಿದು ನಿಷ್ಪ್ರಯೋಜಕವಾಗುತ್ತದೆ. ಮೀನುಗಳಿಗೆ ಅದು ವಿಷ. ಕುರಿಗಳಂತೂ ತಾಮ್ರವನ್ನು ತಾಳಲಾರವು. ಕುರಿಮಂದೆ ಬಾಯಿಡುವ ತೊಟ್ಟಿಗೆ ಮೈಲುತುತ್ತ ಹಾಕುವುದು ಅವಿವೇಕ.

ಈಜುವ ತೊಟ್ಟಿಗೆ ತಕ್ಕ ಮದ್ದು ಕ್ಲೋರಿನ್. ಬ್ಲೀಚಿಂಗ್ ಪುಡಿ ಅದನ್ನು ಕೊಡುತ್ತದೆ. ಆದರೆ "ಎಷ್ಟೋ ಪುಡಿ ಹಾಕಿದೆವು, ಪಾಚಿ ಜಗ್ಗಲಿಲ್ಲ" ಎಂಬ ಮಾತನ್ನೂ ಕೇಳುತ್ತೇವೆ. ಇದಕ್ಕೆ ಕಾರಣ ಎರಡು.

ಮೊದಲನೆಯದು ಬಿಸಿಲು. ನಡುಹಗಲಿನ ಬಿಸಿಲಿನಲ್ಲಿ ನೀರಿಗೆ ಹಾಕಿದ ಕ್ಲೋರಿನಿನ ಬಹುಭಾಗ ಒಂದೆರಡು ಗಂಟೆಗಳಲ್ಲಿಯೇ ಹಾಳಾಗುತ್ತದೆ. ಎರಡನೆಯದು ನೀರಿನ ಕ್ಷಾರಗುಣ. ಕ್ಲೋರಿನ್ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಹೈಪೊಕ್ಲೋರಸ್ ಆಮ್ಲ ಮತ್ತು ಹೈಪೊಕ್ಲೋರೈಟ್. ಮೊದಲನೆಯದು ಬಲಶಾಲಿ, ಎರಡನೆಯದು ದುರ್ಬಲ. ನೀರಿನ ಪಿಎಚ್ ಅಂಕ 7.5 ಇದ್ದಾಗ ಇವೆರಡೂ ಸರಿಸಮ. ಅಂಕ 8.5ಕ್ಕೆ ಏರಿದರೆ ಬಲಶಾಲಿಯ ಪಾಲು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಇನ್ನೊಂದು ಸ್ವಾರಸ್ಯವನ್ನು ನೋಡಿರಿ. ಹಗಲೆಲ್ಲ ಪಾಚಿಯು ನೀರಿನಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುವುದರಿಂದ ನೀರು ತಾನಾಗಿಯೇ ಹೆಚ್ಚು ಕ್ಷಾರವಾಗುತ್ತದೆ. ಅಂದರೆ ತನ್ನನ್ನು ಕೊಲ್ಲಬರುವ ಆಯುಧವನ್ನು ಪಾಚಿ ತಾನೇ ಮೊಂಡುಮಾಡುತ್ತದೆ! ರಾತ್ರಿ ಅದು ಉಸಿರಾಡುವಾಗ ಆ ಅನಿಲ ಮರಳಿ ನೀರಿಗೆ ಸೇರಿ ಕ್ಷಾರಗುಣ ಇಳಿಯುತ್ತದೆ. ಆದುದರಿಂದ ಕ್ಲೋರಿನ್ ಹಾಕಲು ಸರಿಯಾದ ಹೊತ್ತು ಮುಸ್ಸಂಜೆಯ ನಂತರ.

ತೊಟ್ಟಿಯನ್ನು ಬರಿದು ಮಾಡದೆ

ಈಗ ಕೆಲಸದ ಕ್ರಮವನ್ನು ನೋಡೋಣ. ಇದು ಈಜಲು ಮಾತ್ರ ಬಳಸುವ, ಮೀನುಗಳಿಲ್ಲದ ತೊಟ್ಟಿಗೆ ಹೇಳಿದ್ದು. ಹಿರಿಯರು ಜೊತೆಗಿದ್ದೇ ಮಾಡತಕ್ಕದ್ದು.

ಮೊದಲು ತೇಲುವ ಪಾಚಿಯನ್ನೂ ಎಲೆಗಳನ್ನೂ ಬಲೆಯಿಂದ ಎತ್ತಬೇಕು. ಬಳಿಕ ಗೋಡೆಗಳನ್ನು ಗಟ್ಟಿ ಕುಂಚದಿಂದ ಉಜ್ಜಬೇಕು. ಪಾಚಿಯ ಮೇಲಿರುವ ಲೋಳೆಯೇ ಅದರ ಕವಚ. ಅದು ಹರಿಯದಿದ್ದರೆ ಮದ್ದು ಒಳಹೊಗುವುದಿಲ್ಲ.

ಪಾಚಿಯನ್ನು ಕೊಲ್ಲಲು ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್ ಬೇಕೆಂದು ಇಟ್ಟುಕೊಂಡರೆ ನಮ್ಮ ತೊಟ್ಟಿಗೆ 283 ಗ್ರಾಂ ಆಯಿತು. ಹೊಸ ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ ಸುಮಾರು 30 ಪಾಲು ಕ್ಲೋರಿನ್ ದೊರೆಯುವುದರಿಂದ ಬೇಕಾದ ಪುಡಿ ಸುಮಾರು 940 ಗ್ರಾಂ. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಕತ್ತಲಾದ ಮೇಲೆ ಪ್ಲಾಸ್ಟಿಕ್ ಬಕೆಟ್ಟುಗಳ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕಿ, ಸುಣ್ಣದ ಗಸಿ ಇಳಿದ ಬಳಿಕ ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಯ ನಾಲ್ಕೂ ಕಡೆ ಸುರಿಯಬೇಕು.

ಇಲ್ಲಿ ಮರೆಯಬಾರದ ಎಚ್ಚರಿಕೆ ಒಂದುಂಟು. ಬ್ಲೀಚಿಂಗ್ ಪುಡಿಗೆ ಯಾವ ಆಮ್ಲವನ್ನೂ, ಪಾಯಿಖಾನೆ ತೊಳೆಯುವ ದ್ರಾವಣವನ್ನೂ ಎಂದಿಗೂ ಬೆರೆಸಬಾರದು. ಬೆರೆಸಿದೊಡನೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಎಂಬಲ್ಲಿ ಯುದ್ಧದ ಆಯುಧವಾಗಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ.

ಮರುದಿನ ಸೂರ್ಯ ಏರುವ ಮೊದಲೇ ನೀರನ್ನು ಪರೀಕ್ಷಿಸಬೇಕು. ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಗುಳಿಗೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ರಾತ್ರಿ ಬಿಸಿಲಿರಲಿಲ್ಲ, ಆದರೂ ಕ್ಲೋರಿನ್ ಮಾಯವಾಗಿದ್ದರೆ ಅದನ್ನು ತಿಂದದ್ದು ಜೀವಂತ ಪಾಚಿಯೂ ಇತರ ಕಶ್ಮಲವೂ ಎಂದು ಅರ್ಥ. ಆಗ ಮತ್ತೊಂದು ರಾತ್ರಿ ಹಾಕಬೇಕು. ಬೆಳಗಿನವರೆಗೂ ಕ್ಲೋರಿನ್ ಉಳಿದ ದಿನ ಜಯ ನಮ್ಮದು.

ಸತ್ತ ಪಾಚಿ ಬೂದುಬಣ್ಣದ ಮಬ್ಬಾಗಿ ನೀರಿನಲ್ಲಿಯೇ ತೇಲುತ್ತಿರುತ್ತದೆ. ಅದನ್ನು ಅಲ್ಲಿಯೇ ಬಿಟ್ಟರೆ ಕೊಳೆತು ಮುಂದಿನ ಪಾಚಿಗೆ ಗೊಬ್ಬರವಾಗುತ್ತದೆ. ಇದನ್ನು ಇಳಿಸಲು ಪಟಿಕ ಬೇಕು. ನಮ್ಮ ಹಿರಿಯರು ಕೆಸರು ನೀರನ್ನು ಚಿಲ್ಲದ ಬೀಜದಿಂದಲೋ ನುಗ್ಗೆಯ ಬೀಜದಿಂದಲೋ ತಿಳಿಗೊಳಿಸುತ್ತಿದ್ದುದೂ ಇದೇ ತತ್ತ್ವದಿಂದ: ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳ ಸೇರುತ್ತವೆ. ಲೀಟರಿಗೆ 30 ಮಿಲಿಗ್ರಾಮಿನಂತೆ ಸುಮಾರು 850 ಗ್ರಾಂ ಪಟಿಕವನ್ನು ಕರಗಿಸಿ ಹಾಕಿ, ಒಂದು ರಾತ್ರಿ ಕದಡದೆ ಬಿಡಬೇಕು. ಬೆಳಿಗ್ಗೆ ರಬ್ಬರು ಕೊಳವೆಯಿಂದ ತಳದ ಗಸಿಯನ್ನಷ್ಟೇ ಎಳೆದು ಹೊರಕ್ಕೆ ಬಿಟ್ಟರಾಯಿತು. ಹೋಗುವುದು ಕೆಲವು ನೂರು ಲೀಟರು. ಉಳಿಯುವುದು ತೊಟ್ಟಿ ತುಂಬ ನೀರು. ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಮಿಗಿಂತ ಕೆಳಗೆ ಇಳಿಯುವವರೆಗೆ ಯಾರೂ ನೀರಿಗಿಳಿಯಬಾರದು.

ಮತ್ತೆ ಬಾರದಂತೆ

ಇಷ್ಟಾದರೂ ಅರ್ಧ ಕೆಲಸವೇ ಆಯಿತು. 2016ರ ಆಗಸ್ಟಿನಲ್ಲಿ ಬ್ರೆಜಿಲ್ ದೇಶದ ರಿಯೊ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ, ಜಗತ್ತೆಲ್ಲ ನೋಡುತ್ತಿದ್ದಂತೆ, ಧುಮುಕುವ ಕೊಳದ ನೀಲಿ ನೀರು ರಾತ್ರಿ ಬೆಳಗಾಗುವುದರಲ್ಲಿ ಹಸಿರಾಯಿತು. ಯಾರೋ ಹಾಕಿದ ಹೈಡ್ರೋಜನ್ ಪೆರಾಕ್ಸೈಡು ಕ್ಲೋರಿನಿನ ಬಲವನ್ನು ಕೆಡಿಸಿತ್ತು. ಪಕ್ಕದ ಕೊಳವೂ ಹಸಿರಾಗಲು ಅದರ ಸುಮಾರು 37 ಲಕ್ಷ ಲೀಟರ್ ನೀರನ್ನು ಹೊರಕ್ಕೆ ಬಿಟ್ಟು ಹೊಸ ನೀರು ತುಂಬಿಸಬೇಕಾಯಿತು. ಅಷ್ಟು ಯಂತ್ರಗಳೂ ತಜ್ಞರೂ ಇದ್ದಲ್ಲಿಯೇ ಕಾವಲು ಕೆಲವು ದಿನ ತಪ್ಪಿದ್ದಕ್ಕೆ ಈ ಗತಿ.

ನಮಗೆ ಹೊಸ ನೀರಿಲ್ಲ. ಆದುದರಿಂದ ಕಾವಲು ಬೇಕು. ತೊಟ್ಟಿಯ ಮೇಲೆ ನೆರಳಿನ ಬಲೆಯನ್ನು ಹರಡಿದರೆ ಬೆಳಕು ತಗ್ಗುತ್ತದೆ. ನೀರು ಆವಿಯಾಗಿ ಹೋಗುವುದೂ ಕಡಿಮೆಯಾಗುತ್ತದೆ. ನೀರಿಗಿಳಿಯುವ ಮೊದಲು ಕೈಕಾಲು ತೊಳೆಯುವುದು, ತೊಟ್ಟಿಯೊಳಗೆ ಸಾಬೂನು ಹಚ್ಚದಿರುವುದು, ಮಳೆನೀರು ಹೊಲದಿಂದ ನುಗ್ಗದಂತೆ ಅಂಚನ್ನು ಎತ್ತರಿಸುವುದು, ದನಗಳ ನೀರಿನ ಬಾನಿಯನ್ನು ಬೇರೆ ಇಡುವುದು: ಇವುಗಳಿಂದ ರಂಜಕದ ದಾರಿ ಮುಚ್ಚುತ್ತದೆ. ವಾರಕ್ಕೊಮ್ಮೆ ಗೋಡೆ ಉಜ್ಜಿ, ಪ್ರತಿ ಸಂಜೆ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಇರುವಂತೆ ನೋಡಿಕೊಂಡರೆ ಪಾಚಿಗೆ ಹತ್ತು ದಿನಗಳ ಅವಕಾಶವೇ ಸಿಗುವುದಿಲ್ಲ.

ಕೊನೆಯದಾಗಿ ಎರಡು ಮಾತು. ಕೆರೆ, ಕಟ್ಟೆ, ಕಲ್ಯಾಣಿಗಳಿಗೆ ಈ ಮದ್ದುಗಳನ್ನು ಸುರಿಯಬಾರದು. ಅಲ್ಲಿ ಪಾಚಿ ಒಮ್ಮೆಲೇ ಸತ್ತು ಕೊಳೆತರೆ ನೀರಿನ ಆಮ್ಲಜನಕವೆಲ್ಲ ಮುಗಿದು ಮೀನುಗಳು ಸಾಯುತ್ತವೆ. ನೀಲಿ-ಹಸಿರು ಪಾಚಿಯಾದರೆ ಅದರೊಳಗಿನ ವಿಷವೂ ಹೊರಬೀಳುತ್ತದೆ. ಅಲ್ಲಿ ಮಾಡಬೇಕಾದುದು ಹೊಲಸು ಸೇರುವ ದಾರಿಯನ್ನು ತಡೆಯುವುದೊಂದೇ. ಇನ್ನು, 2014ರಲ್ಲಿ ಕೃಷಿಭಾಗ್ಯ ಯೋಜನೆ ಆರಂಭವಾದಂದಿನಿಂದ ಒಣ ಸೀಮೆಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳು ಹೆಚ್ಚಿವೆ. ಅವುಗಳ ಇಳಿಜಾರು ಬದಿಗೆ ಪಾಚಿ ಹಿಡಿಯಿತೆಂದರೆ ಒಳಗೆ ಬಿದ್ದವನು, ಈಜು ಬಲ್ಲವನಾದರೂ, ಹಿಡಿತ ಸಿಗದೆ ಮೇಲೇರಲಾರ. ಅವು ಈಜುಕೊಳಗಳಲ್ಲ. ಸುತ್ತ ಬೇಲಿಯೂ ಒಳಕ್ಕೆ ಇಳಿಬಿಟ್ಟ ಗಂಟುಹಗ್ಗವೂ ಇರಲೇಬೇಕು.

ಹಸಿರು ಬಣ್ಣ ನೀರಿನ ರೋಗವಲ್ಲ, ರೋಗದ ಸೂಚನೆ. ನೀರಿನಲ್ಲಿ ಗೊಬ್ಬರ ಸೇರಿದೆಯೆಂದು ಅದು ನಮಗೆ ತಿಳಿಸುತ್ತದೆ. ಆ ಸೂಚನೆಯನ್ನು ಓದಬಲ್ಲವನು ತೊಟ್ಟಿಯ ನೀರನ್ನೂ ಉಳಿಸಿಕೊಳ್ಳುತ್ತಾನೆ, ಅದರಲ್ಲಿ ಈಜುವ ಮಕ್ಕಳನ್ನೂ ಉಳಿಸಿಕೊಳ್ಳುತ್ತಾನೆ.