ಬಾಣಕ್ಕಿಂತ ಮೊದಲು ಮುಟ್ಟುವ ಸದ್ದು

ಬಿಲ್ಲು ಬಾಣವೆಂದರೆ ಮಕ್ಕಳಿಗೆ ಎಲ್ಲಿಲ್ಲದ ಹುರುಪು. ರಾಯಚೂರು ಜಿಲ್ಲೆಯ ಬಳಗಾನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಮಕ್ಕಳಿಗಂತೂ ಇದು ದೂರದ ಮಾತಲ್ಲ. ಪಕ್ಕದ ಸುರಪುರವನ್ನು ಆಳಿದವರು ಬೇಡ ನಾಯಕರು. ನಾವು ಚಿಗರಿ ಎಂದು ಕರೆಯುವ ಕೃಷ್ಣಮೃಗ ಈ ಭಾಗದ ಬಯಲು ಸೀಮೆಯ ಪ್ರಾಣಿ. ಹೀಗಾಗಿ ಮಕ್ಕಳ ತಲೆಯಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಓಡುವುದರಲ್ಲಿ ಚಿಗರಿಯನ್ನು ಮೀರಿಸುವವರಿಲ್ಲ ಎನ್ನುತ್ತಾರೆ. ಹಾಗಾದರೆ ಬಾಣದಿಂದ ಅದನ್ನು ಹೊಡೆಯುತ್ತಿದ್ದುದು ಹೇಗೆ? ಬಾಣ ಅಷ್ಟೊಂದು ವೇಗವಾಗಿ ಹೋಗುತ್ತಿತ್ತೇ?

ಉತ್ತರಕ್ಕೆ ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಹೆದೆ ಹೇಳುವ ಚಾಡಿ

ಸಾಂಪ್ರದಾಯಿಕ ಮರದ ಬಿಲ್ಲಿನಿಂದ ಹೊರಟ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ಸಾಗುತ್ತದೆ. ರಾಟೆಗಳಿರುವ ಇಂದಿನ ಕಾಂಪೌಂಡ್ ಬಿಲ್ಲಿನ ಬಾಣ ಸುಮಾರು 90 ಮೀಟರ್ ಹೋಗಬಲ್ಲದು. ಆದರೆ ಹೆದೆ ಬಿಟ್ಟಾಗ ‘ಟಣ್’ ಎಂದು ಏಳುವ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ಬಾಣ ಯಾವುದೇ ಇರಲಿ, ಸದ್ದು ಅದಕ್ಕಿಂತ ಮೊದಲೇ ಹೋಗಿ ಚಿಗರಿಯ ಕಿವಿಯಲ್ಲಿ ಚಾಡಿ ಹೇಳಿರುತ್ತದೆ!

ಚಿಗರಿ 20 ಮೀಟರ್ ದೂರದಲ್ಲಿ ನಿಂತಿದೆ ಎನ್ನಿ. ಸದ್ದು 0.06 ಸೆಕೆಂಡಿನಲ್ಲಿ ಮುಟ್ಟುತ್ತದೆ. ಮರದ ಬಿಲ್ಲಿನ ಬಾಣಕ್ಕೆ 0.40 ಸೆಕೆಂಡು ಬೇಕು. ನಡುವೆ ಉಳಿದ 0.34 ಸೆಕೆಂಡು ಚಿಗರಿಯ ಪಾಲಿಗೆ ಸಿಕ್ಕ ಅವಕಾಶ. ಕಾಂಪೌಂಡ್ ಬಿಲ್ಲಾದರೆ ಈ ಅವಕಾಶ 0.16 ಸೆಕೆಂಡಿಗೆ ಇಳಿಯುತ್ತದೆ. ವೇಗದಿಂದ ಲಾಭವಿದೆ ಎಂದಾಯಿತು.

ಈಗ ಬಿಲ್ಲು ಬದಲಿಸುವುದು ಬೇಡ, ದೂರವನ್ನು ಅರ್ಧ ಮಾಡಿ. 10 ಮೀಟರಿನಿಂದ ಅದೇ ಹಳೆಯ ಮರದ ಬಿಲ್ಲಿನಲ್ಲಿ ಬಿಟ್ಟರೆ ಬಾಣಕ್ಕೆ 0.20 ಸೆಕೆಂಡು, ಸದ್ದಿಗೆ 0.03 ಸೆಕೆಂಡು. ಚಿಗರಿಗೆ ಸಿಗುವುದು 0.17 ಸೆಕೆಂಡು. ದುಬಾರಿ ಬಿಲ್ಲು ಮಾಡಿದ ಕೆಲಸವನ್ನೇ ಹತ್ತು ಮೀಟರ್ ಹತ್ತಿರ ಹೋದ ತಾಳ್ಮೆಯೂ ಮಾಡಿತು!

ಇಳಿಯುವ ಲೆಕ್ಕವೂ ಹೀಗೆಯೇ. ಗುರಿಗೆ ನೇರವಾಗಿ ಹಿಡಿದು ಬಿಟ್ಟ ಬಾಣವನ್ನು ಭೂಮಿ ಕೆಳಕ್ಕೆ ಸೆಳೆಯುತ್ತಲೇ ಇರುತ್ತದೆ. 20 ಮೀಟರ್ ಮುಟ್ಟುವಷ್ಟರಲ್ಲಿ ಮರದ ಬಿಲ್ಲಿನ ಬಾಣ 78 ಸೆಂಟಿಮೀಟರ್ ಇಳಿದಿರುತ್ತದೆ, ಕಾಂಪೌಂಡ್ ಬಿಲ್ಲಿನದು 24. ಹತ್ತು ಮೀಟರಿನಲ್ಲಾದರೆ ಮರದ ಬಿಲ್ಲಿನ ಬಾಣವೂ ಇಳಿಯುವುದು 20 ಸೆಂಟಿಮೀಟರ್ ಮಾತ್ರ. ಬೇಡರು ಗಾಳಿಯ ದಿಕ್ಕು ನೋಡಿ, ಪೊದೆಯ ಮರೆಯಲ್ಲಿ ಗಂಟೆಗಟ್ಟಲೆ ಹೊಂಚು ಹಾಕುತ್ತಿದ್ದುದರ ಗುಟ್ಟು ಇದೇ.

ಗಾಯದ ಪ್ರಶ್ನೆ

ಇದು ಬರೀ ಲೆಕ್ಕದ ಆಟವಲ್ಲ. ಸದ್ದು ಕೇಳಿದ ಪ್ರಾಣಿ ಜಿಗಿಯುವ ಮುನ್ನ ಕಾಲು ಮಡಿಸಿ ಮೈ ತಗ್ಗಿಸುತ್ತದೆ. ಆಗ ಎದೆಗಿಟ್ಟ ಬಾಣ ಬೆನ್ನಿಗೋ ಸೊಂಟಕ್ಕೋ ನಾಟಬಹುದು. ಪ್ರಾಣಿ ಸಾಯದೆ, ಬಾಣ ಹೊತ್ತುಕೊಂಡೇ ಓಡಿ, ಎಲ್ಲೋ ನರಳಿ ಬೀಳುತ್ತದೆ. ಪರವಾನಗಿ ಪಡೆದು ಬಿಲ್ಲಿನಿಂದ ಜಿಂಕೆ ಬೇಟೆಯಾಡಲು ಅವಕಾಶವಿರುವ ಅಮೆರಿಕದಲ್ಲಿ ವೇಗದ ಬಗ್ಗೆ ಇಷ್ಟೊಂದು ಚರ್ಚೆ ನಡೆಯುವುದೂ ಇದಕ್ಕಾಗಿಯೇ. ಬಲು ಹಗುರ ಬಾಣಕ್ಕೆ ವೇಗ ಹೆಚ್ಚು, ಆದರೆ ಬಿಲ್ಲಿನ ಸದ್ದೂ ಹೆಚ್ಚು. ತೂಕದ ಬಾಣ ನಿಧಾನ, ಆದರೆ ಆಳಕ್ಕೆ ಇಳಿಯುತ್ತದೆ. ವೇಗ ಎಷ್ಟೇ ಇದ್ದರೂ ದೂರ ಹೆಚ್ಚಿದಂತೆ ಗುರಿ ತಪ್ಪುವ ಭಯ ಇದ್ದೇ ಇರುತ್ತದೆ.

ನಮ್ಮಲ್ಲಿ ಈ ಪ್ರಶ್ನೆಯನ್ನು ಕಾನೂನೇ ಬಗೆಹರಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಅದನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ. ಬಿಲ್ಲಾದರೂ ಅಷ್ಟೇ, ಬಂದೂಕಾದರೂ ಅಷ್ಟೇ. ಬೆಳೆಗೆ ನುಗ್ಗಿತೆಂದು ರೈತ ಸಿಟ್ಟಾಗುವುದು ತಪ್ಪಲ್ಲ. ಆದರೆ ದಾರಿ ಅರಣ್ಯ ಇಲಾಖೆಗೆ ತಿಳಿಸುವುದೇ ಹೊರತು ಆಯುಧವಲ್ಲ. 1974ರಲ್ಲಿ ರಾಣೆಬೆನ್ನೂರಿನಲ್ಲಿ ಈ ಪ್ರಾಣಿಗೆಂದೇ ಅಭಯಾರಣ್ಯವಾಯಿತು.

ಈ ಮಾತು ನಮ್ಮ ನೆಲಕ್ಕೆ ಹೊಸದೇನಲ್ಲ. ಅಶೋಕನ ಹೆಸರು ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಮಸ್ಕಿಯಲ್ಲೇ. ಅದೇ ದೊರೆ ಗಿರ್ನಾರಿನ ಬಂಡೆ ಶಾಸನದಲ್ಲಿ ತನ್ನ ಅಡುಗೆಮನೆಯ ಲೆಕ್ಕ ಕೊಟ್ಟಿದ್ದಾನೆ. ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ ಕೊಲ್ಲಲಾಗುತ್ತಿದೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಅವನ್ನೂ ಕೊಲ್ಲುವುದಿಲ್ಲ ಎಂದು.

ಗುರಿ ಬೇರೆ ಇರಲಿ

ಹಾಗೆಂದು ಮಕ್ಕಳ ಕೈಯಿಂದ ಬಿಲ್ಲು ಕಸಿಯಬೇಕಿಲ್ಲ. ಬೇಟೆಗೆ ತಡೆ ಬಿದ್ದ 1972ರಲ್ಲೇ ಬಿಲ್ಲುಗಾರಿಕೆ ಮ್ಯೂನಿಕ್ ಒಲಿಂಪಿಕ್ಸಿಗೆ ಮರಳಿ ಬಂತು. ಇಂದು ಅಲ್ಲಿ ಗುರಿಯ ದೂರ 70 ಮೀಟರ್. ಹತ್ತು ಅಂಕದ ನಡುವೃತ್ತದ ಅಗಲ ಬರೀ 12.2 ಸೆಂಟಿಮೀಟರ್. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಕೈಗಳೇ ಇಲ್ಲದ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು, ರಾಕೇಶ್ ಕುಮಾರ್ ಜೊತೆಗೂಡಿ ಕಂಚು ಗೆದ್ದರು.

ಪಾಲಕರಿಗೆ ಒಂದು ಮಾತು. ಕಡ್ಡಿಯ ಬಾಣವಾದರೂ ಸರಿ, ಮಕ್ಕಳು ಒಬ್ಬರ ಮೇಲೊಬ್ಬರು ಬಿಡದಂತೆ ನೋಡಿಕೊಳ್ಳಿ. ಕಣ್ಣಿಗೆ ತಗುಲಲು 0.40 ಸೆಕೆಂಡೂ ಬೇಡ. ಮೂಟೆಗೆ ಹುಲ್ಲು ತುಂಬಿ ಗುರಿ ಕಟ್ಟಿಕೊಡಿ, ಹಿಂದೆ ಯಾರೂ ಸುಳಿಯದ ಗೋಡೆಯಿರಲಿ. ಹುಲ್ಲಿನ ಮೂಟೆಗೆ ಕಿವಿಯಿಲ್ಲ, ನೋವೂ ಇಲ್ಲ. ಬಾಣದ ವೇಗವನ್ನು ಅಲ್ಲಿಯೇ ಎಷ್ಟು ಬೇಕಾದರೂ ಅಳೆಯಬಹುದು.